ತಣ್ಣಗಾದ ಬಟ್ಟಲು

ಬೆಳ್ಳನೆಯ ಬೆಟ್ಟದ ಬುಡದಲ್ಲಿ ಒಂದು ಊರಿತ್ತು. ಆ ಊರಿಗೆ ಒಂದೇ ನಿಯಮವಿತ್ತು. ಬಿಸಿಯಾದದ್ದು ಆಗುತ್ತದೆ, ತಣ್ಣಗಾದದ್ದು ಆಗದು.

ಮಗು ಹುಟ್ಟಿದ ದಿನ ಸೂಲಗಿತ್ತಿ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಬೆಟ್ಟಕ್ಕೆ ಹೋಗುತ್ತಿದ್ದಳು. ಕೈಗೆ ಸಿಕ್ಕಲ್ಲಿಂದ ಒಂದು ಚಿಟಿಕೆ ಬಿಳಿ ಪುಡಿ ತೆಗೆದು, ಮೇಣ ಹಚ್ಚಿದ ಬಟ್ಟೆಯಲ್ಲಿ ಗಂಟು ಕಟ್ಟಿ, ಮಗುವಿನ ಸೊಂಟಕ್ಕೆ ಬಿಗಿಯುತ್ತಿದ್ದಳು. ಸ್ನಾನಕ್ಕೆ ಮುನ್ನ ಗಂಟನ್ನು ಗೂಟಕ್ಕೆ ತೂಗುಹಾಕಬೇಕು, ಸ್ನಾನವಾದ ಮೇಲೆ ಮತ್ತೆ ಬಿಗಿಯಬೇಕು. ಇಪ್ಪತ್ತೊಂದು ವರ್ಷ ಗಂಟಿನ ಬಾಯಿ ಬಿಚ್ಚುವಂತಿರಲಿಲ್ಲ. ಇಪ್ಪತ್ತೊಂದು ತುಂಬಿದ ದಿನ ಅದನ್ನು ಅಂಗೈಮನೆಗೆ ಒಯ್ಯಬೇಕಿತ್ತು.

ಅಂಗೈಮನೆ ಕಪ್ಪು ಕಲ್ಲಿನ ಮನೆ. ಗೋಡೆ ಒಂದು ಮಾರು ದಪ್ಪ. ನಾಲ್ಕು ಕಿಟಕಿಗೂ ಲಾಮಂಚದ ತಟ್ಟಿ, ತಟ್ಟಿಗೆ ದಿನಕ್ಕೆ ಮೂರು ಸಲ ನೀರು. ಒಳಗೆ ಒಲೆಯಿಲ್ಲ, ದೀಪವಿಲ್ಲ, ಊದುಬತ್ತಿಯ ಕಿಡಿಯೂ ಇಲ್ಲ. ಅಂಗೈಮನೆ ತಂಪಾಗಿರತಕ್ಕದ್ದು ಎಂಬ ಕಟ್ಟಳೆ ಎಷ್ಟು ಹಳೆಯದೆಂದರೆ, ಏಕೆ ಎಂದು ಕೇಳುವ ಅಭ್ಯಾಸವೇ ಊರಿಗೆ ತಪ್ಪಿಹೋಗಿತ್ತು.

ಆ ತಂಪಿನ ನಡುವೆ ತೀರ್ಪು ಹೇಳುವ ಹಿರಿಯರೊಬ್ಬರು, ಅಂಗೈಯವರು, ಕೂರುತ್ತಿದ್ದರು. ಅವರ ಬಲಗೈ ಬಟ್ಟಲನ್ನಲ್ಲದೆ ಬೇರೇನನ್ನೂ ಮುಟ್ಟುತ್ತಿರಲಿಲ್ಲ. ಊಟವನ್ನು ಬೇರೆಯವರು ತಿನ್ನಿಸುತ್ತಿದ್ದರು, ಕಣ್ಣೀರು ಬಂದರೆ ಬೇರೆಯವರು ಒರೆಸುತ್ತಿದ್ದರು. ತಾಮ್ರದ ಬಟ್ಟಲಿಗೆ ಬಾವಿಯ ನೀರು ಹೊಯ್ದು, ಚಿಟಿಕೆಯನ್ನು ಅದಕ್ಕೆ ಸುರಿದು, ಬೇವಿನ ಕಡ್ಡಿಯಿಂದ ಮೂರು ಸಲ ಕಲಕಿದ ಮೇಲೆ ಅವರು ಬಟ್ಟಲಿನ ಹೊರಮೈಗೆ ಅಂಗೈ ಇಡುತ್ತಿದ್ದರು. ಜನ ಉಸಿರು ಹಿಡಿಯುತ್ತಿದ್ದರು. ಬಟ್ಟಲು ಬಿಸಿಯಾದರೆ ಅವರು "ಆಗುತ್ತದೆ" ಎನ್ನುತ್ತಿದ್ದರು, ಜನ "ಆಗುತ್ತದೆ" ಎನ್ನುತ್ತಿದ್ದರು. ತಣ್ಣಗಾದರೆ "ಆಗದು" ಎನ್ನುತ್ತಿದ್ದರು, ಜನ "ಆಗದು" ಎನ್ನುತ್ತಿದ್ದರು. ಬಟ್ಟಲಿನ ಒಳಗೆ ಯಾರೂ ನೋಡುತ್ತಿರಲಿಲ್ಲ. ನೋಡಬೇಕೆಂದು ಯಾವ ಕಟ್ಟಳೆಯೂ ಹೇಳಿರಲಿಲ್ಲ.

ಆಗುವವರಿಗೆ ಕೆಲಸವಿತ್ತು, ಮದುವೆಯಿತ್ತು, ಸಭೆಯಲ್ಲಿ ಮಾತಿತ್ತು. ಆಗದವರು ಕೆಳಕೇರಿಗೆ ಇಳಿಯುತ್ತಿದ್ದರು. ಅವರು ಕಲಿಸುವಂತಿಲ್ಲ, ಕಟ್ಟುವಂತಿಲ್ಲ, ನೆಡುವಂತಿಲ್ಲ. ಆಗುವವರು ಕಲಿಸಿ, ಕಟ್ಟಿ, ನೆಟ್ಟು ಮುಗಿಸಿದ ಮೇಲೆ ಗುಡಿಸಬಹುದು.

ಹಾಗೆಂದು ಊರು ಕ್ರೂರವೆಂದು ಯಾರೂ ತಿಳಿಯಬಾರದು. ಅಂಗೈಮನೆಯ ಹೊಸ್ತಿಲಿನ ಮೇಲೆ ಮೂರು ಸಾಲು ಕೆತ್ತಿತ್ತು. ಆಗದವರ ಚಿಟಿಕೆ ಆಗದವರದೇ. ಅದನ್ನು ಬಂದ ಹಾಗೆಯೇ ಒಣದಾಗಿ ಮರಳಿಸತಕ್ಕದ್ದು. ಆಗದ ನೀರನ್ನು ಚೆಲ್ಲತಕ್ಕದ್ದಲ್ಲ. ಅದರಂತೆ, ತಣ್ಣಗಾದ ಬಟ್ಟಲಿನ ನೀರನ್ನೆಲ್ಲ ಹಿತ್ತಲಿನ ಕಲ್ಲುತೊಟ್ಟಿಗೆ ಸುರಿದು ಚಪ್ಪಡಿ ಮುಚ್ಚುತ್ತಿದ್ದರು. ಬಾಗಿಲು ಕಾಯುವವನು ಹೊರಬಾಗಿಲ ಬಳಿಯ ಗಡಿಗೆಗೆ ಕೈಹಾಕಿ, ಆಗದವರ ಗಂಟಿಗೆ ಒಂದು ಚಿಟಿಕೆ ಕಟ್ಟಿ ಕಳಿಸುತ್ತಿದ್ದ. ಕಿತ್ತುಕೊಂಡದ್ದು ಏನೂ ಇಲ್ಲ, ಕೊಟ್ಟದ್ದನ್ನು ಹಿಂದಕ್ಕೆ ಕೊಟ್ಟಿದ್ದೇವೆ ಎಂದು ಊರು ನೆಮ್ಮದಿಯಿಂದ ಉಣ್ಣುತ್ತಿತ್ತು.

ಆ ಊರಿನಲ್ಲಿ ಒಬ್ಬಳು ತೊಳೆಯುವವಳಿದ್ದಳು.

ಅವಳು ತೊಳೆಯುವವಳಾಗಿ ಹುಟ್ಟಿದವಳಲ್ಲ. ಹದಿನಾರು ವರ್ಷ ಕಲ್ಲುಶಾಲೆಯಲ್ಲಿ ಓದಿದ್ದಳು. ಓದಿದವರ ಸಾಲಿನಲ್ಲಿ ಮೊದಲು ನಿಂತಿದ್ದಳು. ಕಲಿಸುವುದೊಂದೇ ಅವಳ ಆಸೆ. ಪಾಠ ಅರ್ಥವಾಗದವರನ್ನು ಬಾವಿಕಟ್ಟೆಯ ಮೇಲೆ ಕೂರಿಸಿಕೊಂಡು, ನೆಲದ ಮೇಲೆ ನೀರಿನಿಂದ ಗೆರೆ ಎಳೆದು, ಗೆರೆ ಆರುವುದರೊಳಗೆ ಅರ್ಥ ಮಾಡಿಸುತ್ತಿದ್ದಳು. ಇಪ್ಪತ್ತೊಂದು ತುಂಬಿದ ದಿನ ಅವಳ ಬಟ್ಟಲು ತಣ್ಣಗಾಯಿತು. ಆಗದು ಎಂದರು. ಹದಿನಾರು ವರ್ಷ ಅವಳೊಡನೆ ಕುಳಿತು ಓದಿದವರೇ ಒಕ್ಕೊರಲಿನಿಂದ ಆಗದು ಎಂದರು. ಮರುದಿನದಿಂದ ಅವಳು ಅದೇ ಅಂಗೈಮನೆಯ ಹಿತ್ತಲಿನಲ್ಲಿ ಕುಳಿತು ಬಟ್ಟಲು ತೊಳೆಯತೊಡಗಿದಳು. ಹಾಗೆ ಏಳು ವರ್ಷ ಕಳೆಯಿತು.

ಏಳು ವರ್ಷದಲ್ಲಿ ಅವಳ ಕೈಗೆ ಒಂದು ಸಂಗತಿ ತಿಳಿದಿತ್ತು, ತಲೆಗೆ ಇನ್ನೂ ತಿಳಿದಿರಲಿಲ್ಲ. ಬಿಸಿಯಾದ ಬಟ್ಟಲಿನ ತಳದಲ್ಲಿ ಸುಣ್ಣದಂಥ ಬಿಳಿ ಕರೆ ಹಿಡಿದಿರುತ್ತಿತ್ತು. ಅದನ್ನು ತೆಂಗಿನ ನಾರಿನಿಂದ, ಮರಳಿನಿಂದ, ಉಗುರಿನಿಂದ ತಿಕ್ಕಬೇಕಿತ್ತು. ತಣ್ಣಗಾದ ಬಟ್ಟಲಿಗೆ ಒಂದು ಬೊಗಸೆ ನೀರು ಸಾಕಾಗುತ್ತಿತ್ತು.

ವರ್ಷಕ್ಕೊಮ್ಮೆ ಊರಿಗೆ ಕಲಾಯಿಯವನು ಬರುತ್ತಿದ್ದ. ಬಟ್ಟಲುಗಳ ತವರದ ಕಲಾಯಿ ಸವೆದಿರುತ್ತಿತ್ತು. ಅಂಗೈಮನೆಯೊಳಗೆ ಬೆಂಕಿ ಸಲ್ಲದ್ದರಿಂದ ಅವನು ಗೋಡೆಯಾಚೆಗೆ ಗುಳಿ ತೋಡಿ, ತಿದಿ ಹೂಡಿ, ಇದ್ದಿಲು ಹೊತ್ತಿಸಿ ಕೂರುತ್ತಿದ್ದ. ಆ ವರ್ಷ ಅವಳು ಬಟ್ಟಲುಗಳನ್ನು ಹೊತ್ತು ತಂದು ಅವನ ಪಕ್ಕದಲ್ಲೇ ತಿಕ್ಕುತ್ತ ಕುಳಿತಳು.

"ಏನ್ ತಾಯೀ, ಹಿಂಗೆ ಉಜ್ಜಿದ್ರೆ ಬಟ್ಟಲು ಉಳಿಯಾಕಿಲ್ಲ, ತೂತು ಮಾತ್ರ ಉಳೀತದೆ," ಎಂದ ಕಲಾಯಿಯವನು.

"ಉಜ್ಜದಿದ್ದರೆ ಆಗುವವರ ಕರೆ ಹೋಗುವುದಿಲ್ಲ."

"ಆಗದೋರದ್ದು?"

"ಅದಕ್ಕೆ ಬರೀ ನೀರು ಸಾಕು. ಏನೂ ಉಳಿದಿರುವುದಿಲ್ಲ."

"ಹಂಗಾದ್ರೆ ಆಗದೋರೇ ಒಳ್ಳೇ ಮನೆತನದೋರು ಬಿಡು. ಎಂಜಲು ಬಿಡದಂಗೆ ಎದ್ದು ಹೋಗವ್ರೆ."

ಅವಳ ಕೈ ನಿಂತಿತು. ಏನೂ ಉಳಿದಿರುವುದಿಲ್ಲ. ಏಳು ವರ್ಷ ಕೈ ಹೇಳುತ್ತಿದ್ದ ಮಾತು ಈಗ ಬಾಯಿಗೆ ಬಂದಿತ್ತು. ಕಿವಿ ಅದನ್ನು ಮೊದಲ ಸಲ ಕೇಳಿಸಿಕೊಂಡಿತ್ತು. ಬಟ್ಟಲಿನಲ್ಲಿ ಏನೂ ಉಳಿದಿರದಿದ್ದರೆ ಗಡಿಗೆಯಿಂದ ಮರಳಿಸುವುದು ಏನನ್ನು?

ಅವಳು ಸೊಂಟದ ಗಂಟನ್ನು ಬಿಚ್ಚಿ ಮಡಿಲಿಗೆ ಸುರಿದುಕೊಂಡಳು. ಪುಡಿಯ ಒಳಗಿಂದ ಒಂದು ಕಂದು ಹುಳ ಹೊರಬಂದು ಸೀರೆಯ ನೆರಿಗೆಯ ಮೇಲೆ ನಿಧಾನವಾಗಿ ನಡೆಯಿತು.

ಕಲಾಯಿಯವನು ತಿದಿ ಬಿಟ್ಟು ನಕ್ಕ. "ತಾಯೀ, ನಿನ್ನ ಹಣೆಬರಾಕ್ಕೆ ಹುಳ ಬಿದ್ದದೆ!"

ಅವನು ಬೆರಳ ತುದಿಯಲ್ಲಿ ಅದ್ದಿ ನಾಲಿಗೆಗೆ ಇಟ್ಟುಕೊಂಡ. "ಅಕ್ಕಿ ಹಿಟ್ಟು. ಅದೂ ಹಳೇದು. ರೊಟ್ಟಿಗೂ ಬರಾಕಿಲ್ಲ."

ಅವಳು ನಗಲಿಲ್ಲ. ಅವನ ಮುಂದೆ ಎಲೆಯ ಮೇಲಿದ್ದ ಇನ್ನೊಂದು ಬಿಳಿ ಪುಡಿಯನ್ನು ನೋಡುತ್ತಿದ್ದಳು. ಕಾದ ಬಟ್ಟಲಿಗೆ ಅವನು ಅದನ್ನು ಚಿಟಿಕೆ ಚಿಟಿಕೆಯಾಗಿ ಎಸೆಯುತ್ತಿದ್ದ. ಬಿದ್ದ ಕ್ಷಣವೇ ಪುಡಿ ದಟ್ಟ ಬಿಳಿ ಹೊಗೆಯಾಗಿ ಏಳುತ್ತಿತ್ತು. ಆಗ ಅವನು ತವರ ಸವರಿ ಅರಳೆಯಿಂದ ಒರೆಸಿದರೆ ಬಟ್ಟಲು ಬೆಳ್ಳಿಯಂತೆ ಹೊಳೆಯುತ್ತಿತ್ತು.

"ಅದೇನು?"

"ನವಸಾಗರ. ಇದಿಲ್ದಿದ್ರೆ ತಾಮ್ರ ತವರಾನ ಹಿಡಿಯಾಕಿಲ್ಲ. ನಿಮ್ಮ ಬೆಟ್ಟದ ಬಡಗಣ ಮಗ್ಗುಲಿಂದಲೇ ಕೆರೆದು ತತ್ತೀನಿ. ಯಾರಿಗೂ ಹೇಳಬ್ಯಾಡ."

ಅವಳು ಒಂದು ಚಿಟಿಕೆ ನಾಲಿಗೆಗೆ ಇಟ್ಟುಕೊಂಡಳು. ಉಪ್ಪು, ಕಟು, ಜೊತೆಗೆ ನಾಲಿಗೆಯನ್ನು ಜುಮ್ಮೆನ್ನಿಸುವ ತಂಪು. ಕಲ್ಲುತೊಟ್ಟಿಗೆ ನೀರು ಸುರಿಯುವಾಗ ತುಟಿಗೆ ಸಿಡಿದ ಹನಿಯ ರುಚಿ ಇದೇ. ಇನ್ನೊಂದು ಮುಷ್ಟಿಯನ್ನು ಅವನ ನೀರಿನ ಬಕೇಟಿಗೆ ಹಾಕಿ, ಕೈಯಾಡಿಸಿ, ಹೊರಮೈಗೆ ಅಂಗೈ ಇಟ್ಟಳು. ಬಕೇಟು ತಣ್ಣಗಾಯಿತು. ಒಳಗೆ ನೋಡಿದಳು. ಪುಡಿ ಇರಲಿಲ್ಲ.

"ತಣ್ಣಗಾಯಿತು," ಎಂದಳು ಮೆಲ್ಲಗೆ. "ತಣ್ಣಗಾದದ್ದು ಆಗದು. ಆದರೂ ಆಗಿದೆ. ಹೇಗೆ?"

"ನಾನೇನು ಓದಿದೋನಾ ತಾಯೀ? ನಿಮ್ಮೂರ ನಿಯಮ ಈ ಪುಡಿಗೆ ಗೊತ್ತಿಲ್ವೇನೋ," ಎಂದು ಅವನು ಮತ್ತೆ ತಿದಿ ಒತ್ತಿದ.

ಅವಳು ಓದಿದವಳು. ಏಳು ವರ್ಷ ಮರಳಿನಿಂದ ತಿಕ್ಕಿದರೂ ಹದಿನಾರು ವರ್ಷದ ಓದು ಅಳಿಸಿರಲಿಲ್ಲ. ಮನೆಗೆ ಹೋಗಿ ಒಂದು ಮೊರ ತೆಗೆದುಕೊಂಡಳು. ಅದರ ಒಂದು ಮೂಲೆಯಲ್ಲಿ ಹಿಡಿ ಹುರುಳಿಯನ್ನು ಗುಡ್ಡೆ ಹಾಕಿ ಮೊರವನ್ನು ಅಲುಗಿಸಿದಳು. ಕಾಳು ಹರಡಿತು. ಮತ್ತೆ ಅಲುಗಿಸಿದಳು. ಗುಡ್ಡೆ ಹಿಂದಕ್ಕೆ ಬರಲಿಲ್ಲ. ನೂರು ಸಲ ಅಲುಗಿಸಿದಳು, ನೂರು ಸಲವೂ ಬರಲಿಲ್ಲ. ಕಾಳನ್ನು ಯಾರೂ ತಳ್ಳಿರಲಿಲ್ಲ, ಯಾರೂ ಎಳೆದಿರಲಿಲ್ಲ. ಮೂಲೆಯಲ್ಲಿ ಕೂರುವುದಕ್ಕೆ ಇದ್ದದ್ದು ಒಂದೇ ಬಗೆ, ಹರಡಿ ಕೂರುವುದಕ್ಕೆ ಎಣಿಸಿ ಮುಗಿಯದಷ್ಟು ಬಗೆ. ಅಷ್ಟೇ ಸಾಕಾಗಿತ್ತು.

ಹಾಗಾದರೆ ಆಗುವುದನ್ನು ತೂಗುವ ತಕ್ಕಡಿಗೆ ತಟ್ಟೆಗಳು ಎರಡು ಎಂದುಕೊಂಡಳು. ಬಿಸಿ ಒಂದು ತಟ್ಟೆಯಲ್ಲಿ, ಚೆದುರು ಇನ್ನೊಂದರಲ್ಲಿ. ಚೆದುರುವಿಕೆ ದೊಡ್ಡದಾದರೆ ಪುಡಿಯು ಸುತ್ತಲಿನ ಬಿಸಿಯನ್ನು ಹೀರಿಕೊಂಡು, ಬಟ್ಟಲನ್ನು ತಣ್ಣಗಾಗಿಸಿ, ತನ್ನ ದಾರಿ ತಾನು ಹಿಡಿಯುತ್ತದೆ. ತಣ್ಣಗಾಗುವುದು ಸೋಲಿನ ಗುರುತಲ್ಲ, ಹೊರಟವರು ತೆತ್ತ ಬೆಲೆ.

ಮತ್ತೆ ಕಾಳನ್ನು ಮೂಲೆಗೆ ಒತ್ತಿ, ಈ ಸಲ ಮೊರವನ್ನು ಅಲುಗಿದಂತೆಯೂ ಕಾಣದಷ್ಟು ಮೆಲ್ಲಗೆ ಅಲುಗಿಸಿದಳು. ಗುಡ್ಡೆ ಬಹಳ ಹೊತ್ತು ಗುಡ್ಡೆಯಾಗಿಯೇ ಇತ್ತು. ಜೋರಾಗಿ ಅಲುಗಿಸಿದಳು, ಒಮ್ಮೆಗೇ ಚೆಲ್ಲಾಪಿಲ್ಲಿಯಾಯಿತು. ಕಾವು ಎಂದರೆ ಈ ಅಲುಗಾಟ. ಕಾವು ಏರಿದಷ್ಟೂ ಚೆದುರಿನ ತಟ್ಟೆ ಭಾರ, ಇಳಿದಷ್ಟೂ ಹಗುರ. ತಂಪಿನಲ್ಲಿ ಬಿಸಿಯ ತಟ್ಟೆಯೊಂದೇ ಲೆಕ್ಕಕ್ಕೆ ಬಂದಂತೆ ಕಾಣುತ್ತದೆ. ನಾಲ್ಕು ಕಿಟಕಿ, ನಾಲ್ಕು ಲಾಮಂಚದ ತಟ್ಟಿ, ದಿನಕ್ಕೆ ಮೂರು ಸಲ ನೀರು. ಅಂಗೈಮನೆ ಏಕೆ ತಂಪಾಗಿರತಕ್ಕದ್ದು ಎಂಬುದು ಅವಳಿಗೆ ತಿಳಿಯಿತು. ತಿಳಿದಾಗ ಸಿಟ್ಟು ಬರಲಿಲ್ಲ. ಸಿಟ್ಟು ಹಿಂದೆಯೇ ಬಂದಿತ್ತು. ಅದಕ್ಕೆ ಈಗ ಕೂರಲು ಒಂದು ಜಾಗ ಸಿಕ್ಕಿತು.

ಮರುದಿನ ಬೆಳಿಗ್ಗೆ ಅವಳು ಬಾಗಿಲು ಕಾಯುವವನ ಎದುರು ನಿಂತಳು.

"ಅಣ್ಣಾ, ಈ ಗಡಿಗೆಗೆ ಹಿಟ್ಟು ತುಂಬುವವರು ಯಾರು?"

"ಯಾವ ಹಿಟ್ಟು?"

"ಹುಳ ಬಿದ್ದ ಹಿಟ್ಟು."

ಅವನು ಎಡಕ್ಕೆ ನೋಡಿದ, ಬಲಕ್ಕೆ ನೋಡಿದ. ಆಮೇಲೆ ದನಿ ತಗ್ಗಿಸಿದ. "ನಮ್ಮಪ್ಪ ತುಂಬುತ್ತಿದ್ದ. ಈಗ ನಾನು ತುಂಬುತ್ತೇನೆ. ಗಂಟು ಬರಿದಾಗಿದ್ದರೆ ಜನ ಅಳುತ್ತಾರಮ್ಮ, ಕೇಳುತ್ತಾರೆ. ಏನಾದರೂ ಕಟ್ಟಿಕೊಟ್ಟರೆ ಸುಮ್ಮನೆ ಹೋಗುತ್ತಾರೆ. ಹಿಟ್ಟಿನಿಂದ ಯಾರಿಗೇನು ತೊಂದರೆಯಾಯಿತು ಹೇಳು?"

ಹೇಳುವ ಜಾಗ ಅದಾಗಿರಲಿಲ್ಲ. ಹೇಳಲು ಊರಿನಲ್ಲಿ ಒಂದೇ ಜಾಗವಿತ್ತು. ಬಟ್ಟಲಿನ ದಿನ ಅಂಗೈಮನೆಯ ಹೊಸ್ತಿಲ ಮೇಲೆ, ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ ಇಟ್ಟು ನಿಂತು ಯಾರು ಬೇಕಾದರೂ ದೂರು ಹೇಳಬಹುದಿತ್ತು. ದೂರು ನಿಜವಾದರೆ ಅಂಗೈಯ ತೀರ್ಪು ಬಿದ್ದುಹೋಗುತ್ತದೆ, ಆ ತೀರ್ಪಿನಿಂದ ಆಗದವರಾದವರು ತಾವು ಬಯಸಿದ ಕೆಲಸ ಹಿಡಿಯಬಹುದು. ಸುಳ್ಳಾದರೆ ದೂರಿದವರು ಅದೇ ದಿನ ಬಡಗಣ ಬಾಗಿಲಿನಿಂದ ಹೊರಟು ಹೋಗಬೇಕು. ಬಡಗಣ ಬಾಗಿಲಾಚೆ ಮೂರು ದಿನದ ಹಾದಿಯುದ್ದಕ್ಕೂ ಬಿಳಿ ನೆಲ, ಒಂದು ಹನಿ ನೀರಿಲ್ಲ.

ಕೆಳಕೇರಿಯಲ್ಲಿ ಅವಳ ಪಕ್ಕದ ಮನೆಯಲ್ಲಿ ಒಬ್ಬ ಮುದುಕಿಯಿದ್ದಳು. ಹಳ್ಳಕ್ಕೆ ಸೇತುವೆ ಕಟ್ಟಬೇಕೆಂದು ಕನಸು ಕಂಡು, ಬಟ್ಟಲು ತಣ್ಣಗಾಗಿ, ಅರವತ್ತು ವರ್ಷದಿಂದ ಅದೇ ಹಳ್ಳದ ದಂಡೆ ಗುಡಿಸುತ್ತಿದ್ದವಳು. ವಿಷಯ ಕೇಳಿ ಅವಳು ತನ್ನ ಗಂಟನ್ನು ಬಿಚ್ಚಿದಳು. ಒಳಗೆ ಬೂದು ಬಣ್ಣದ ಧೂಳಿತ್ತು, ಹುಳವೂ ತಿಂದು ಬಿಟ್ಟ ಧೂಳು.

"ಅರವತ್ತು ವರ್ಷ," ಎಂದಳು ಮುದುಕಿ, "ಇದು ನೆನೆದೀತು ಅಂತ ಗೂಟಕ್ಕೆ ತೂಗುಹಾಕಿ ಸ್ನಾನ ಮಾಡಿದ್ದೀನಿ." ಧೂಳನ್ನು ನೆಲಕ್ಕೆ ಕೊಡವಿ, "ಬೇಡ ಮಗಳೇ. ಬಡಗಣ ಬಾಗಿಲಾಚೆ ನೀರಿಲ್ಲ," ಎಂದಳು.

"ಈಚೆ ಇದೆಯೇ ಅಜ್ಜಿ?"

ಮುದುಕಿ ಎದ್ದು ಪಕ್ಕದ ಮನೆಯ ಕದ ತಟ್ಟಿದಳು. ಆ ಮನೆಯವರು ಅದರ ಪಕ್ಕದ ಕದ ತಟ್ಟಿದರು. ಅಂದು ಸಂಜೆಯೊಳಗೆ ಕೆಳಕೇರಿಯ ಒಂದೊಂದು ಮನೆಯಲ್ಲೂ ಒಂದೊಂದು ಗಂಟು ಬಿಚ್ಚಿತು.

ಬಟ್ಟಲಿನ ದಿನ ಬಂತು. ಅಂದು ಒಬ್ಬಳು ಹುಡುಗಿಯ ಸರದಿ. ನೀರು ಹೊಯ್ದರು, ಚಿಟಿಕೆ ಸುರಿದರು, ಮೂರು ಸಲ ಕಲಕಿದರು. ಅಂಗೈಯವರು ಬಟ್ಟಲಿಗೆ ಕೈಯಿಟ್ಟು "ಆಗದು" ಎಂದರು. ಜನ "ಆಗದು" ಎಂದರು. ಹುಡುಗಿ ಕಲ್ಲಿನಂತೆ ನಿಂತಳು. ಬಾಗಿಲು ಕಾಯುವವನು ಗಡಿಗೆಗೆ ಕೈಹಾಕಿದ.

"ಆಗಿದೆ," ಎಂಬ ಮಾತು ಹೊಸ್ತಿಲಿನಿಂದ ಬಂತು.

ತೊಳೆಯುವವಳು ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ ಇಟ್ಟು ನಿಂತಿದ್ದಳು. ಅವಳ ಹಿಂದೆ ಅಂಗಳದಲ್ಲಿ ಕೆಳಕೇರಿ ನಿಂತಿತ್ತು.

"ಬಟ್ಟಲು ತೊಳೆಯುವವಳು," ಎಂದರು ಅಂಗೈಯವರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿಗೂ ಕಾವು ಬೇಕಷ್ಟೆ. "ನಿನ್ನ ದೂರೇನು?"

"ಏಳು ವರ್ಷದ ಹಿಂದೆ ನೀವು ನನ್ನನ್ನು ಆಗದು ಎಂದಿರಿ. ಆಗದಿದ್ದರೆ ನನ್ನ ಚಿಟಿಕೆ ಇದ್ದ ಹಾಗೆಯೇ ಇರಬೇಕು. ನಾನು ನಿಂತಿರುವ ಈ ಕಲ್ಲು ಅದನ್ನು ಮರಳಿಸಿ ಎನ್ನುತ್ತದೆ. ಮರಳಿಸಿ."

"ಮರಳಿಸಿದ್ದೇವೆ. ನಿನ್ನ ಸೊಂಟದಲ್ಲಿದೆ."

ಅವಳು ಗಂಟು ಬಿಚ್ಚಿ ಕೈಚಾಚಿದಳು. ಹುಳ ಇನ್ನೂ ಬದುಕಿತ್ತು. "ತಮ್ಮ ಅಂಗೈ ಕೊಡಿ. ಇದು ಬಿಸಿಯೋ ತಣ್ಣಗೋ ನೋಡಿ ಹೇಳಿ. ಇದಕ್ಕೆ ಆರು ಕಾಲಿವೆ, ನಡೆದುಕೊಂಡೇ ಬರುತ್ತದೆ."

ಸಭೆಯಲ್ಲಿ ಯಾರೋ ನಕ್ಕು ಆ ನಗೆಯನ್ನು ಕೆಮ್ಮಾಗಿಸಿದರು. ಬಾಗಿಲು ಕಾಯುವವನು ಗಡಿಗೆಯ ಮುಂದೆ ಅಡ್ಡ ನಿಂತ.

"ಹಿಟ್ಟು ಬೆರೆಸಿದವರಿಗೆ ತಕ್ಕ ಶಿಕ್ಷೆಯಾಗುತ್ತದೆ," ಎಂದರು ಅಂಗೈಯವರು. "ಅದರಿಂದ ತೀರ್ಪು ಬದಲಾಗುವುದಿಲ್ಲ."

"ತೀರ್ಪು ಬೇಡ, ಚಿಟಿಕೆ ಕೊಡಿ. ನನ್ನದು ಹಳೆಯದು. ಈ ಹುಡುಗಿಯದು ಈಗಷ್ಟೇ ಬಿದ್ದದ್ದು, ಬಟ್ಟಲು ತಮ್ಮ ಕೈಯಲ್ಲೇ ಇದೆ. ಒಳಗೆ ನೋಡಿ."

ಅಂಗೈಯವರು ಜೀವಮಾನದಲ್ಲಿ ಮೊದಲ ಸಲ ಬಟ್ಟಲಿನ ಒಳಗೆ ನೋಡಿದರು. ತಿಳಿನೀರಿತ್ತು. ತಳದ ಕಲಾಯಿ ಹೊಳೆಯುತ್ತಿತ್ತು. ಸೋಸಿ ಎಂದರು. ತೆಳು ಬಟ್ಟೆಯಲ್ಲಿ ಸೋಸಿದರು, ಬಟ್ಟೆ ಒದ್ದೆಯಾಯಿತು. ದಪ್ಪ ಬಟ್ಟೆಯಲ್ಲಿ ಸೋಸಿದರು, ಬಟ್ಟೆ ಒದ್ದೆಯಾಯಿತು. ಏಳು ಮಡಿಕೆಯ ಬಟ್ಟೆಯಲ್ಲಿ ಸೋಸಿದರು, ಏಳು ಮಡಿಕೆಯೂ ಒದ್ದೆಯಾಯಿತು.

"ಉಳಿದಿರುವುದು ಎರಡೇ ದಾರಿ," ಎಂದಳು ಅವಳು. "ಆಗಿದೆ ಎನ್ನಿ. ಇಲ್ಲವೇ ತೆಗೆದುಕೊಡಿ. ನನ್ನೊಬ್ಬಳದಲ್ಲ, ಇವರೆಲ್ಲರದು. ಎಲ್ಲವೂ ತೊಟ್ಟಿಯಲ್ಲಿದೆ. ಒಂದು ಹನಿಯನ್ನೂ ನಾನು ಚೆಲ್ಲಿಲ್ಲ."

ಅಂಗೈಯವರು ಅಂಗಳದ ಕಡೆ ನೋಡಿದರು. ಆಗಿದೆ ಎಂದರೆ ಅಂಗಳದಲ್ಲಿರುವವರೆಲ್ಲ ಆಗಿದ್ದವರೇ. ಅಂಥದೊಂದು ಮಾತು ಆಡಲು ಅವರ ಬಾಯಿಗೆ ರೂಢಿಯಿರಲಿಲ್ಲ. "ನೀರನ್ನು ಕಾಯಿಸಿ," ಎಂದರು. "ನೀರು ಹೋಗಲಿ, ಚಿಟಿಕೆ ನಿಲ್ಲಲಿ. ಇವಳ ಸುಳ್ಳು ಬಯಲಾಗಲಿ."

"ಇಲ್ಲಿ ಬೆಂಕಿಯೇ?" ಎಂದು ಯಾರೋ ಕೇಳಿದರು.

"ಇದೊಂದು ದಿನ."

ಗೋಡೆಯಾಚೆಯಿಂದ ಕಲಾಯಿಯವನನ್ನು ಕರೆತಂದರು. ಅವನು ಸಭೆಯ ನಡುವೆಯೇ ಮೂರು ಒಲೆ ಹೂಡಿ, ಮೂರು ಹಂಡೆ ಏರಿಸಿ, ತಿದಿ ಕಟ್ಟಿದ. ಚಪ್ಪಡಿ ಸರಿಸಿ ತೊಟ್ಟಿಯ ನೀರನ್ನೆಲ್ಲ ಹೊತ್ತು ತಂದವರು ಕೆಳಕೇರಿಯವರೇ. ಕೊಡದ ಮೇಲೆ ಕೊಡ, ಹಂಡೆಯ ಮೇಲೆ ಹಂಡೆ. ಯಾರ ನೀರು ಯಾವುದೆಂದು ಯಾರೂ ಕೇಳಲಿಲ್ಲ. ಅದು ಬೇರೆಯಾಗಿಸುವ ಹಾಗಿರಲಿಲ್ಲ.

ಮಧ್ಯಾಹ್ನವಾಯಿತು. ಆವಿ ಮಾಡಿಗೆ ಏರಿತು. ಲಾಮಂಚದ ತಟ್ಟಿಗೆ ನೀರು ಹಾಕುವವನು ಹಂಡೆ ನೋಡುತ್ತ ನಿಂತು ನೀರು ಹಾಕುವುದನ್ನು ಮರೆತ. ಸಂಜೆಯ ಹೊತ್ತಿಗೆ ಹಂಡೆಗಳ ಅಂಚಿನಲ್ಲಿ ಬಿಳಿ ಗೆರೆ ಮೂಡಿತು, ತಳದಲ್ಲಿ ಬಿಳಿ ಹೆಪ್ಪು ಕಟ್ಟಿತು.

ಅಂಗೈಯವರು ಎದ್ದು ನಿಂತರು. "ನೋಡಿ! ಇದೋ ಚಿಟಿಕೆ. ಆಗಿಹೋದದ್ದಾದರೆ ಹಿಂದಕ್ಕೆ ಬರುತ್ತಿರಲಿಲ್ಲ. ಬಂದಿದೆ, ಆದ್ದರಿಂದ ಆಗಿರಲಿಲ್ಲ. ಬಡಗಣ ಬಾಗಿಲು ತೆಗೆಯಿರಿ."

ಅಂಗಳ ಉಸಿರು ಹಿಡಿಯಿತು. ಮುದುಕಿ ಅವಳ ಸೆರಗು ಹಿಡಿದುಕೊಂಡಳು.

"ಹಿಂದಕ್ಕೆ ಅದಾಗಿ ಬರಲಿಲ್ಲ, ನೀವು ಎಳೆದು ತಂದಿರಿ," ಎಂದಳು ತೊಳೆಯುವವಳು. "ಹೋಗುವಾಗ ಅದಕ್ಕೆ ಯಾರ ಸಹಾಯವೂ ಬೇಕಾಗಲಿಲ್ಲ. ಒಂದು ಬೊಗಸೆ ನೀರು, ಮೂರು ಸಲ ಕಲಕು, ಅಷ್ಟೇ. ಮರಳಿಸುವುದಕ್ಕೆ ಮೂರು ಒಲೆ, ಎಂಟು ಚೀಲ ಇದ್ದಿಲು, ಇಡೀ ದಿನದ ತಿದಿ. ಯಾವುದು ಆಗುವಂಥದು, ಯಾವುದು ಆಗದಂಥದು? ನೀವೇ ಹೇಳಿ."

ಸಭೆಯಲ್ಲಿ ಪಿಸುಮಾತು ಎದ್ದಿತು. ಅಂಗೈಯವರು ಅದನ್ನು ಕೈಯೆತ್ತಿ ತಡೆದರು.

ಕಲಾಯಿಯವನು ಹಂಡೆಗಳ ಕಡೆ ನೋಡಿ, ಅವಳ ಕಡೆ ನೋಡಿ, ಅಂಗೈಯವರಿಗೆ ಕೈಮುಗಿದ. "ಬುದ್ಧೀ, ತಿದಿ ನಿಲ್ಸಲಾ? ಹೆಪ್ಪು ಇನ್ನೂ ಹಸಿ ಅದೆ. ಹಂಗೇ ತೆಗೆದುಕೊಂಡ್ರೆ ಒಳ್ಳೇದು."

ತೊಳೆಯುವವಳು ಹೊಸ್ತಿಲಿನ ಕಡೆ ಬೆರಳು ತೋರಿದಳು. "ಒಣದಾಗಿ ಎಂದು ಕೆತ್ತಿದೆ."

"ಕೆತ್ತಿದ ಮಾತು ಕೆತ್ತಿದಂತೆಯೇ ನಡೆಯುತ್ತದೆ," ಎಂದರು ಅಂಗೈಯವರು. "ಒಂದು ಹನಿ ಹಸಿಯೂ ಇರಕೂಡದು. ಒತ್ತು ತಿದಿ."

"ಇನ್ನೂ ಒತ್ತಿದ್ರೆ ಏನಾಯ್ತದೆ ಅಂತ..."

"ಒತ್ತು ಎಂದೆ."

"ಅಪ್ಪಣೆ ಬುದ್ಧೀ," ಎಂದು ಅವನು ಎರಡೂ ಕೈಯಿಂದ ತಿದಿ ಒತ್ತಿದ. ಇದ್ದಿಲು ಕೆಂಪಾಯಿತು. ಕೆಂಪು ಹಳದಿಯಾಯಿತು. ಹೆಪ್ಪು ಒಣಗಿತು, ಬಿರಿಯಿತು. ಆಮೇಲೆ ಹಂಡೆಯ ತಳದಿಂದ ಒಂದು ಬಿಳಿ ಎಳೆ ಎದ್ದಿತು.

ಮೊದಲು ಒಂದು ಎಳೆ, ಆಮೇಲೆ ನೂರು. ಆಮೇಲೆ ಮೂರು ಹಂಡೆಗಳಿಂದ ಮೂರು ಬಿಳಿ ಕಂಬಗಳೆದ್ದು, ಮಾಡಿಗೆ ತಾಗಿ, ಬಾಗಿ, ಒಂದಾಗಿ ಇಳಿದವು. ಹಾರಬೇಡ ಎಂದು ಹೇಳಲು ಅಲ್ಲೀಗ ತಂಪಿರಲಿಲ್ಲ. ಕಣ್ಣು ಉರಿಯಿತು, ಮೂಗು ಕಟ್ಟಿತು. ಆಗುವವರೂ ಆಗದವರೂ ಒಬ್ಬರ ತೋಳು ಒಬ್ಬರು ಹಿಡಿದು ಕೆಮ್ಮುತ್ತ ಅಂಗಳಕ್ಕೆ ಓಡಿದರು. ಅರವತ್ತು ವರ್ಷದ ಚಿಟಿಕೆ, ಏಳು ವರ್ಷದ ಚಿಟಿಕೆ, ಅದೇ ದಿನದ ಚಿಟಿಕೆ, ಎಲ್ಲವೂ ಎದ್ದವು. ಕಲಾಯಿಯವನು ಮೂಗಿಗೆ ಬಟ್ಟೆ ಕಟ್ಟಿಕೊಂಡು ತಿದಿ ಒತ್ತುತ್ತಲೇ ಇದ್ದ. ನಿಲ್ಲಿಸು ಎಂದು ಹೇಳಬೇಕಾದವರು ಕೆಮ್ಮುತ್ತಿದ್ದರು.

ಹೊಗೆ ತಿಳಿಯಾದ ಮೇಲೆ ಜನ ಒಳಗೆ ಬಂದರು. ಆಗಿನ್ನೂ ಹೊತ್ತು ಮುಳುಗಿರಲಿಲ್ಲ.

ಹಂಡೆಗಳು ಬರಿದಾಗಿದ್ದವು. ಗೋಡೆ ಬೆಳ್ಳಗಾಗಿತ್ತು. ನೂರಾರು ವರ್ಷ ತಂಪಾಗಿಯೇ ಇಟ್ಟಿದ್ದ ಕಪ್ಪು ಕಲ್ಲು ಹೊಗೆಯನ್ನು ಮುಟ್ಟಿದಲ್ಲೆಲ್ಲ ಹಿಡಿದುಕೊಂಡಿತ್ತು. ಬುಡದಿಂದ ಮಾಡಿನವರೆಗೆ ನುಣುಪಾದ ಬಿಳಿ ಪುಡಿ ಕೂತಿತ್ತು. ಕಿಟಕಿಯ ತಟ್ಟಿಗಳು ಬೆಳ್ಳಗಿದ್ದವು. ಪೀಠ ಬೆಳ್ಳಗಿತ್ತು. ಅಂಗೈಯವರು ಪೀಠದ ಪಕ್ಕದಲ್ಲಿ ತಮ್ಮ ಬಲಗೈಯನ್ನು ನೋಡುತ್ತ ನಿಂತಿದ್ದರು. ಬಟ್ಟಲನ್ನಲ್ಲದೆ ಏನನ್ನೂ ಮುಟ್ಟದ ಅಂಗೈಯ ಗೆರೆಗೆರೆಯಲ್ಲೂ ಆಗದವರು ತುಂಬಿದ್ದರು.

"ಮರಳಿಸಿ," ಎಂದಳು ತೊಳೆಯುವವಳು.

ಅವರು ಗೋಡೆಯ ಕಡೆ ನೋಡಿದರು, ಮಾಡಿನ ಕಡೆ ನೋಡಿದರು, ಜನರ ಕೂದಲು, ರೆಪ್ಪೆ, ಭುಜಗಳ ಕಡೆ ನೋಡಿದರು. ಬಾಯಿ ತೆರೆದರು. "ಆ..." ಎಂದರು. ಮುಂದಿನ ಅಕ್ಷರ ಯಾವುದೆಂದು ಕಾಯಲು ಅವಳಿಗೆ ಪುರುಸೊತ್ತಿರಲಿಲ್ಲ. ಏಳು ವರ್ಷ ತಡವಾಗಿತ್ತು.

ಅವಳು ಹೊರಗಿದ್ದ ಕಾಲನ್ನು ಎತ್ತಿ ಒಳಗಿಟ್ಟಳು. ನೇರವಾಗಿ ಗೋಡೆಯ ಬಳಿಗೆ ಹೋದಳು. ಬೆಳ್ಳನೆಯ ಪುಡಿಯ ಮೇಲೆ ತೋರುಬೆರಳಿಟ್ಟು ಎಳೆದಳು. ಬೆರಳು ಹೋದಲ್ಲೆಲ್ಲ ಒಳಗಿನ ಕಪ್ಪು ಕಲ್ಲು ಗೆರೆಯಾಗಿ ಕಾಣಿಸಿಕೊಂಡಿತು. ಒಂದು ತಕ್ಕಡಿ ಬರೆದಳು. ಅದಕ್ಕೆ ಎರಡು ತಟ್ಟೆ ಬರೆದಳು. ಒಂದರ ಕೆಳಗೆ ಬಿಸಿ ಎಂದು ಬರೆದಳು, ಇನ್ನೊಂದರ ಕೆಳಗೆ ಚೆದುರು ಎಂದು ಬರೆದಳು. ಚೆದುರಿನ ತಟ್ಟೆಯ ಅಡಿಯಲ್ಲಿ ಒಂದು ಒಲೆ ಬರೆದಳು. ಈ ಗೆರೆಗಳು ಆರಿಹೋಗುವಂಥವಲ್ಲ.

"ಕೂತುಕೊಳ್ಳಿ," ಎಂದಳು ಹಿಂದಕ್ಕೆ ತಿರುಗಿ.

ಮುದುಕಿ ಮೊದಲು ಕೂತಳು. ಬಟ್ಟಲು ತಣ್ಣಗಾದ ಹುಡುಗಿ ಅವಳ ಪಕ್ಕ ಕೂತಳು. ಕಲಾಯಿಯವನು ತಿದಿಯ ಮೇಲೆಯೇ ಕೂತ. ಅಂಗಳ ಒಳಗೆ ಬಂದು ಕೂತಿತು. ಬಳಿಕ ಆಗುವವರಲ್ಲಿ ಒಬ್ಬರು, ಇನ್ನೊಬ್ಬರು, ಪಂಚೆಯ ಪುಡಿ ಕೊಡವಲು ಹೋಗಿ, ಕೊಡವದೆ, ಕೂತರು. ಕೊನೆಗೆ ನಿಂತವರು ಒಬ್ಬರೇ ಉಳಿದರು.

"ಬಾಗಿಲ ಹತ್ತಿರ ಜಾಗವಿದೆ, ಅಂಗೈಯವರೇ," ಎಂದಳು ಕಲಿಸುವವಳು. "ಕೂತು ಕೇಳಿಸಿಕೊಳ್ಳಿ. ಪಾಠ ಮುಗಿದ ಮೇಲೆ ನಿಮಗೆ ಬಟ್ಟಲು ತೊಳೆಯುವುದಿದೆ."